ಹಾಸಿಗೆಯೇ ಬ್ಯಾಗಿನ ಬೆನ್ನೆಲುಬು

ಶಿವರಾತ್ರಿ ಹತ್ತಿರ ಬಂದಾಗ ಕನಕಪುರದಿಂದ ಸಂಗಮಕ್ಕೆ ಹೋಗುವ ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಬೇಕು. ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ಸೀಮೆಯ ಹಳ್ಳಿಗಳಿಂದ, ಬೆಂಗಳೂರಿನಿಂದಲೂ ಹೊರಟ ಜನ ಗುಂಪು ಗುಂಪಾಗಿ ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆಯುತ್ತಿರುತ್ತಾರೆ. ಅರ್ಕಾವತಿ ಬಂದು ಕಾವೇರಿಗೆ ಸೇರುವಲ್ಲಿ ಹಗ್ಗ ಹಿಡಿದು ಹೊಳೆ ದಾಟುತ್ತಾರೆ. ಆಮೇಲೆ ಕಾವೇರಿ ವನ್ಯಜೀವಿಧಾಮದ ಕಾಡು ಹೊಕ್ಕು ಹನೂರಿನ ಕಡೆಗೆ ಮುಖ ಮಾಡುತ್ತಾರೆ. ಊರು ಎಷ್ಟು ದೂರವೋ ಅಷ್ಟು, ಮೂರು ದಿನವೋ ನಾಲ್ಕು ದಿನವೋ ಹಿಡಿಯುವ ನಡಿಗೆ ಇದು. ದಾರಿಯುದ್ದಕ್ಕೂ ಅನ್ನ, ಮಜ್ಜಿಗೆ ಕೊಡುವ ದಾನಿಗಳು ಇರುವುದರಿಂದ ಪಾತ್ರೆಪಗಡಿ ಹೊರುವ ಕಷ್ಟವಿಲ್ಲ. ಆದರೆ ರಾತ್ರಿ ಎಲ್ಲಾದರೂ ಬೆನ್ನು ನೆಲಕ್ಕೆ ಹಾಕಲೇಬೇಕು. ಹಾಗಾಗಿ ಬಹಳಷ್ಟು ಬ್ಯಾಗುಗಳಿಗೆ ಒಂದು ಹಾಸು ಅಂಟಿಕೊಂಡಿರುತ್ತದೆ. ಹಿಂದೆ ಅದು ಕಂಬಳಿಯೋ ಜಮಖಾನವೋ ಆಗಿರುತ್ತಿತ್ತು, ಈಗ ಸುರುಳಿ ಸುತ್ತಿದ ಫೋಮ್ ಮ್ಯಾಟು.

ಆ ಮ್ಯಾಟು ಬ್ಯಾಗಿನಲ್ಲಿ ಎಲ್ಲಿದೆ ಎಂದು ಗಮನಿಸಿ. ಹೆಚ್ಚಿನವರು ಅದನ್ನು ಬ್ಯಾಗಿನ ಬುಡಕ್ಕೆ ಅಡ್ಡಲಾಗಿ ಕಟ್ಟಿರುತ್ತಾರೆ, ಇಲ್ಲವೇ ಹಿಂಬದಿಗೆ ತೂಗುಹಾಕಿರುತ್ತಾರೆ. ಹೆಜ್ಜೆ ಇಟ್ಟಾಗಲೆಲ್ಲ ಅದು ತೊಡೆಗೆ ಬಡಿಯುತ್ತದೆ, ಕಾಡಿನ ಕಾಲುದಾರಿಯಲ್ಲಿ ಲಂಟಾನದ ಮುಳ್ಳಿಗೆ ಸಿಕ್ಕಿ ಹರಿಯುತ್ತದೆ. ಬ್ಯಾಗಿನ ಸ್ಥಿತಿ ಇನ್ನೂ ಕಷ್ಟ. ಕಾಲೇಜು ಹುಡುಗರ ಬ್ಯಾಗಿನಂಥ ಮೆತ್ತನೆ ಚೀಲ ಅದು, ಒಳಗೆ ಬಟ್ಟೆ, ನೀರಿನ ಬಾಟಲಿ, ಟಾರ್ಚು, ಔಷಧಿ ಎಲ್ಲ ಕೆಳಕ್ಕೆ ಜಾರಿ ಬುಡದಲ್ಲಿ ಗುಡ್ಡೆಯಾಗಿರುತ್ತವೆ. ಚೀಲದ ಮೇಲರ್ಧ ಮುದುಡಿರುತ್ತದೆ, ಕೆಳಗರ್ಧ ಹಿಂದಕ್ಕೆ ಉಬ್ಬಿರುತ್ತದೆ. ಹೊತ್ತವರು ಮುಂದಕ್ಕೆ ಬಾಗಿ, ಎರಡೂ ಕೈಯ ಹೆಬ್ಬೆರಳುಗಳನ್ನು ಪಟ್ಟಿಗಳೊಳಗೆ ತೂರಿಸಿ ಭುಜಕ್ಕೆ ಒಂದಿಷ್ಟು ಬಿಡುವು ಕೊಡಲು ನೋಡುತ್ತಾ ನಡೆಯುತ್ತಿರುತ್ತಾರೆ.

ಇಲ್ಲಿ ಹೇಳಬೇಕಿರುವುದು ಒಂದೇ ಮಾತು. ಆ ಬ್ಯಾಗಿಗೆ ಇಲ್ಲದಿರುವ ಬೆನ್ನೆಲುಬು ಅದೇ ಬ್ಯಾಗಿನ ಬುಡದಲ್ಲಿ ಜೋತಾಡುತ್ತಿದೆ. ಮ್ಯಾಟನ್ನು ಅಲ್ಲಿಂದ ಬಿಚ್ಚಿ ಬೆನ್ನಿಗೂ ಸಾಮಾನಿಗೂ ನಡುವೆ ಇಟ್ಟರೆ ಅದೇ ಚೀಲ, ಅದೇ ಭಾರ, ಅದೇ ದಾರಿ ಬೇರೆಯೇ ಆಗುತ್ತವೆ. ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ.

ಟ್ರೆಕ್ಕಿಂಗ್ ಅಂಗಡಿಗಳಲ್ಲಿ ಸಿಗುವ 50-60 ಲೀಟರಿನ ದೊಡ್ಡ ಬ್ಯಾಗುಗಳ ಬೆನ್ನ ಭಾಗದಲ್ಲಿ ಅಲ್ಯುಮಿನಿಯಂ ಕಡ್ಡಿಗಳೋ ಗಟ್ಟಿ ಪ್ಲಾಸ್ಟಿಕ್ ಹಾಳೆಯೋ ಇರುತ್ತದೆ. ಅದೇ ಬ್ಯಾಗಿನ ಚೌಕಟ್ಟು. ಚೀಲ ಕುಸಿಯದಂತೆ ನಿಲ್ಲಿಸುವುದು, ಭಾರವನ್ನು ಭುಜದಿಂದ ಸೊಂಟದ ಬೆಲ್ಟಿಗೆ ಇಳಿಸುವುದು ಅದರ ಕೆಲಸ. ಆದರೆ ಇಂಥ ಬ್ಯಾಗು ಖಾಲಿ ಇದ್ದಾಗಲೇ ಒಂದೂವರೆಯಿಂದ ಎರಡು ಕೆ.ಜಿ. ತೂಗುತ್ತದೆ. ಆರು ಕೆ.ಜಿ. ಸಾಮಾನು ಹೊರಲು ಎರಡು ಕೆ.ಜಿ. ಚೀಲ ಯಾಕೆ ಎಂಬ ಪ್ರಶ್ನೆಯಿಂದ ಹುಟ್ಟಿದ್ದು ‘ಅಲ್ಟ್ರಾಲೈಟ್’ ಪದ್ಧತಿ. ಚೌಕಟ್ಟೇ ಇಲ್ಲದ, ತೆಳು ನೈಲಾನಿನ, ಅರ್ಧ ಕೆ.ಜಿ. ಸುಮಾರಿನ ಚೀಲ ಈ ಪದ್ಧತಿಯವರದು. ಆಹಾರ, ನೀರು ಬಿಟ್ಟು ಉಳಿದ ಸಾಮಾನೆಲ್ಲ ಸೇರಿ ನಾಲ್ಕೂವರೆ ಕೆ.ಜಿ. ಮೀರಬಾರದು ಎಂಬುದು ಆ ಪಂಥದವರ ಗಡಿರೇಖೆ.

ಹೀಗೆ ಹಗುರವಾಗಿ ನಡೆದವರು ಮೊದಲೂ ಇದ್ದರು. ಅಮೆರಿಕದಲ್ಲಿ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಅಪಲಾಚಿಯನ್ ಹಾದಿಯನ್ನು ಒಬ್ಬರೇ ನಡೆದು ಮುಗಿಸಿದರು. ಕೈಯಾರೆ ಹೊಲಿದ ಒಂದು ಬಟ್ಟೆ ಚೀಲವನ್ನು ಅವರು ಒಂದೇ ಹೆಗಲಿಗೆ ಹಾಕಿಕೊಂಡಿದ್ದರು. ಅದರಲ್ಲಿ ಕಂಬಳಿ ಇತ್ತು, ಮಳೆಗೆ ಹೊದೆಯಲು ಒಂದು ಪ್ಲಾಸ್ಟಿಕ್ ಪರದೆ ಇತ್ತು, ಡೇರೆ ಇರಲಿಲ್ಲ. ಮುಂದೆ ರೇ ಜಾರ್ಡಿನ್ ಎಂಬ ಪರ್ವತಾರೋಹಿ ತಾವೇ ಹೊಲಿದ ಚೌಕಟ್ಟಿಲ್ಲದ ಚೀಲಗಳಲ್ಲಿ ಪತ್ನಿಯೊಂದಿಗೆ ಸಾವಿರಾರು ಕಿಲೋಮೀಟರ್ ನಡೆದು, 1992ರಲ್ಲಿ ಆ ಬಗ್ಗೆ ಪುಸ್ತಕ ಬರೆದರು. ಗ್ಲೆನ್ ವ್ಯಾನ್ ಪೆಸ್ಕಿ ಎಂಬುವರು ಕಟ್ಟಿದ ಗಾಸಮರ್ ಗಿಯರ್ ಎಂಬ ಸಣ್ಣ ಕಂಪನಿ ಬ್ಯಾಗಿನ ಬೆನ್ನಿಗೇ ಜೇಬು ಹೊಲಿದು, ಮಲಗುವ ಮ್ಯಾಟನ್ನು ಮಡಿಸಿ ಅದರೊಳಗೆ ತೂರಿಸುವ ವ್ಯವಸ್ಥೆ ಮಾಡಿತು. ಹಗಲು ಚೌಕಟ್ಟು, ರಾತ್ರಿ ಹಾಸಿಗೆ.

ನಮ್ಮವರಿಗೆ ಈ ತರ್ಕ ಹೊಸದೇನಲ್ಲ. ಕುರಿ ಹಿಂಡಿನ ಹಿಂದೆ ತಿಂಗಳುಗಟ್ಟಲೆ ಊರೂರು ತಿರುಗುವ ಕುರುಬರ ಕಂಬಳಿ ರಾತ್ರಿ ಹಾಸಿಗೆ, ಚಳಿಗೆ ಹೊದಿಕೆ, ಮಳೆಗೆ ಕೊಪ್ಪೆ. ಹೊರೆ ಎತ್ತುವಾಗ ಅದನ್ನೇ ಮಡಿಸಿ ಹೆಗಲ ಮೇಲಿಟ್ಟರೆ ಭಾರ ಚುಚ್ಚುವುದಿಲ್ಲ. ಒಂದು ವಸ್ತುವನ್ನು ಹೊತ್ತ ಮೇಲೆ ಅದರಿಂದ ನಾಲ್ಕು ಕೆಲಸ ತೆಗೆಯಬೇಕೆಂಬುದು ನಡೆದೇ ಬದುಕಿದವರ ವಿವೇಕ. ಫೋಮ್ ಮ್ಯಾಟು ನಮ್ಮ ಕೈಗೆ ಬಂದಿತು, ಅದರೊಂದಿಗೆ ಈ ವಿವೇಕ ಬರಲಿಲ್ಲ. ಅಂಗಡಿಯವರು ಸುತ್ತಿ ದಾರ ಕಟ್ಟಿಕೊಟ್ಟರು, ನಾವು ಹಾಗೆಯೇ ತೂಗುಹಾಕಿಕೊಂಡೆವು.

ಮ್ಯಾಟು ಭಾರ ಹೊರಲು ಹೇಗೆ ನೆರವಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಹೊಳೆಯುತ್ತದೆ.

ಮೊದಲನೆಯದು ದೂರದ ಲೆಕ್ಕ. ಬ್ಯಾಗಿನ ಭಾರ ಬೆನ್ನಿನಿಂದ ಎಷ್ಟು ದೂರ ಹೋಗುತ್ತದೋ ಅಷ್ಟು ಅದು ನಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಆ ಎಳೆತವನ್ನು ತಡೆಯುವುದು ಭುಜದ ಪಟ್ಟಿಗಳು. ಏಳು ಕೆ.ಜಿ. ಭಾರದ ತೂಕಕೇಂದ್ರ ಬೆನ್ನಿನಿಂದ 15 ಸೆಂ.ಮೀ. ಹಿಂದಿದೆ, ಪಟ್ಟಿ ಸೊಂಟದಿಂದ 45 ಸೆಂ.ಮೀ. ಮೇಲಿದೆ ಎಂದುಕೊಳ್ಳಿ. ಆಗ ಭುಜವನ್ನು ಹಿಂದಕ್ಕೆಳೆಯುವ ಬಲ ಸುಮಾರು 2.3 ಕೆ.ಜಿ. ತೂಕದಷ್ಟು. ಚೀಲ ಕುಸಿದು, ಹೊಟ್ಟೆ ಉಬ್ಬಿ, ತೂಕಕೇಂದ್ರ ಬೆನ್ನಿನಿಂದ 25 ಸೆಂ.ಮೀ. ದೂರಕ್ಕೆ ಸರಿದರೆ ಅದೇ ಎಳೆತ 3.9 ಕೆ.ಜಿ. ಆಗುತ್ತದೆ. ಸಾಮಾನು ಒಂದು ಗ್ರಾಮೂ ಹೆಚ್ಚಾಗಿಲ್ಲ, ಭುಜದ ಮೇಲಿನ ಎಳೆತ ಮಾತ್ರ ಒಂದೂವರೆ ಪಟ್ಟು ದಾಟಿತು. ಪಾದಯಾತ್ರಿಗಳು ಮುಂದಕ್ಕೆ ಬಾಗಿ ನಡೆಯುವುದು ಈ ಎಳೆತವನ್ನು ಸರಿದೂಗಿಸಲು. ಹಾಗೆ ಬಾಗಿ ಇಡೀ ದಿನ ನಡೆದರೆ ಸಂಜೆ ಸೊಂಟ ಹಿಡಿದುಕೊಳ್ಳದೆ ಇನ್ನೇನಾಗುತ್ತದೆ?

ಎರಡನೆಯದು ಕುಸಿತ. ಸೊಂಟಕ್ಕೆ ಬೆಲ್ಟು ಇರುವ ಬ್ಯಾಗಾದರೆ, ಬೆಲ್ಟಿಗೂ ಭುಜದ ಪಟ್ಟಿಗೂ ನಡುವಿನ ಉದ್ದ ನಿಮ್ಮ ಬೆನ್ನಿನ ಉದ್ದಕ್ಕೆ ಸರಿಯಾಗಿ ನಿಲ್ಲಬೇಕು. ಮೆತ್ತನೆ ಚೀಲದಲ್ಲಿ ಅದು ನಿಲ್ಲುವುದಿಲ್ಲ. ಮೇಲಿನ ಭಾರ ಕೆಳಗೊತ್ತಿದಂತೆ ನಡುವಿನ ಬಟ್ಟೆ ಸುಕ್ಕುಗಟ್ಟಿ ಎತ್ತರ ಕಡಿಮೆಯಾಗುತ್ತದೆ. ಎರಡು ಇಂಚು ಕುಸಿದರೂ ಸಾಕು, ಬೆಲ್ಟು ಸಡಿಲವಾಗಿ ಭಾರವೆಲ್ಲ ಮತ್ತೆ ಭುಜಕ್ಕೆ ಮರಳುತ್ತದೆ. ಚೌಕಟ್ಟು ಎಂದರೆ ಈ ಕುಸಿತವನ್ನು ತಡೆಯುವ ಕಂಬ, ಅಷ್ಟೇ.

ಮೆತ್ತನೆ ಫೋಮು ಕಂಬವಾಗುವುದು ಹೇಗೆ? ರಾಮನಗರದವರಿಗೆ ಇದನ್ನು ವಿವರಿಸುವುದು ಸುಲಭ. ಅಲ್ಲಿನ ಮಾರುಕಟ್ಟೆಯಿಂದ ಒಂದು ರೇಷ್ಮೆ ಗೂಡು ತಂದು ಬೆರಳಲ್ಲಿ ಒತ್ತಿ ನೋಡಿ. ಗೂಡಿನ ಗೋಡೆ ಕಾಗದದಷ್ಟು ತೆಳು, ಆದರೂ ಸುಲಭಕ್ಕೆ ಬಗ್ಗದು. ಅದನ್ನೇ ಕತ್ತರಿಸಿ ಚಪ್ಪಟೆಯಾಗಿ ಬಿಡಿಸಿಟ್ಟರೆ ಸುಲಭವಾಗಿ ಬಾಗುತ್ತದೆ. ಬಿಗಿತ ಹೆಚ್ಚಾಗಿ ಇದ್ದದ್ದು ವಸ್ತುವಿನಲ್ಲಿ ಅಲ್ಲ, ಅದರ ದುಂಡು ಆಕಾರದಲ್ಲಿ. ಒಂದು ಸೆಂ.ಮೀ. ದಪ್ಪದ ಮ್ಯಾಟನ್ನು ಕೊಳವೆಯಂತೆ ಸುತ್ತಿ ಚೀಲದೊಳಗೆ ನಿಲ್ಲಿಸಿದಾಗ ಆಗುವುದೂ ಇದೇ. ಒಳಗಿನಿಂದ ಸಾಮಾನು ಹೊರಕ್ಕೆ ಒತ್ತುತ್ತದೆ, ಹೊರಗಿನಿಂದ ಚೀಲದ ಬಟ್ಟೆ ಬಿಗಿಯಾಗಿ ತಬ್ಬಿಕೊಳ್ಳುತ್ತದೆ, ನಡುವೆ ಫೋಮಿನ ಗೋಡೆ. ಮೂರೂ ಸೇರಿದಾಗ ಅದು ಕಂಬ. ಒಂದು ಸಡಿಲವಾದರೂ ಕಂಬವಿಲ್ಲ.

ಹಾಗಾಗಿ ಈ ವಿಧಾನಕ್ಕೆ ಅರ್ಧ ತುಂಬಿದ ಚೀಲ ಒಗ್ಗುವುದಿಲ್ಲ. ದೊಡ್ಡ ಬ್ಯಾಗು ತೆಗೆದುಕೊಂಡು ಅದರ ತಳದಲ್ಲಿ ನಾಲ್ಕು ಬಟ್ಟೆ ಹಾಕಿ ಸುತ್ತ ಮ್ಯಾಟು ಇಟ್ಟರೆ ಕೊಳವೆ ನಡುವಿನಲ್ಲೇ ಮಡಿಸಿಕೊಳ್ಳುತ್ತದೆ. ಚೀಲ ಚಿಕ್ಕದಿರಬೇಕು, ತುಂಬಿರಬೇಕು, ಬಾಯಿ ಬಿಗಿಯಾಗಿ ಕಟ್ಟಿರಬೇಕು. ಪಕ್ಕದ ಪಟ್ಟಿಗಳಿದ್ದರೆ ಎಳೆದು ಬಿಗಿಮಾಡಬೇಕು.

ಮಾಡುವ ಕ್ರಮ ಹೀಗೆ. ಖಾಲಿ ಚೀಲವನ್ನು ನೆಲದ ಮೇಲೆ ನಿಲ್ಲಿಸಿ, ಮ್ಯಾಟನ್ನು ಕೊಳವೆಯಂತೆ ಸುತ್ತಿ ನಿಲುವಾಗಿ ಒಳಗಿಳಿಸಿ, ಕೈ ಬಿಡಿ. ಅದು ತಾನಾಗಿ ಅರಳಿ ಚೀಲದ ಗೋಡೆಗೆ ಅಂಟಿಕೊಳ್ಳುತ್ತದೆ. ಸುರುಳಿಯ ಎರಡು ತುದಿಗಳು ಒಂದರ ಮೇಲೊಂದು ಹಾಯುವ ಭಾಗ ಬೆನ್ನಿನ ಕಡೆ ಬರಲಿ. ಅಲ್ಲಿ ಎರಡು ಪದರ ಸಿಕ್ಕರೆ ಬಾಟಲಿ, ಪವರ್‌ಬ್ಯಾಂಕು ಬೆನ್ನಿಗೆ ಚುಚ್ಚುವುದಿಲ್ಲ. ಆ ಕೊಳವೆಯೊಳಗೆ ಗೊಬ್ಬರದ ಚೀಲದೊಳಗಿರುವಂಥ ಹೊಸ ದಪ್ಪ ಪಾಲಿಥೀನ್ ಕವರೊಂದನ್ನು ಇಳಿಸಿ, ಸಾಮಾನನ್ನೆಲ್ಲ ಅದರಲ್ಲಿ ತುಂಬಿ. ಹೊದಿಕೆ, ಬಟ್ಟೆ ತಳಕ್ಕೆ. ನೀರು, ಭಾರದ ವಸ್ತುಗಳು ನಡುವಿನಲ್ಲಿ, ಬೆನ್ನಿಗೆ ಒತ್ತಿಕೊಂಡು. ಹಗುರವಾದದ್ದು ಮೇಲೆ. ಪ್ರತಿ ಪದರವನ್ನೂ ಅಂಗೈಯಿಂದ ಅದುಮುತ್ತಾ ಬನ್ನಿ. ಮೂಲೆಗಳಲ್ಲಿ ಟೊಳ್ಳು ಉಳಿದರೆ ಟವೆಲ್ಲೋ ಕಾಲುಚೀಲವೋ ತುರುಕಿ. ತುಂಬಿದ ಮೇಲೆ ಚೀಲವನ್ನು ನೆಲದ ಮೇಲೆ ಬಿಟ್ಟರೆ ಅದು ಆಸರೆಯಿಲ್ಲದೆ ನಿಲ್ಲಬೇಕು. ನಿಲ್ಲದಿದ್ದರೆ ಬಿಚ್ಚಿ ಮತ್ತೆ ತುಂಬಿ.

ಅಳತೆಯ ಒಂದು ಸೂಕ್ಷ್ಮ ಇಲ್ಲಿದೆ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗಿನ ಉದ್ದವನ್ನು ಬ್ಯಾಗು ಮಾಡುವವರು ಬೆನ್ನಿನ ಉದ್ದ ಎನ್ನುತ್ತಾರೆ. ಹೆಚ್ಚಿನ ದೊಡ್ಡವರಲ್ಲಿ ಅದು 42ರಿಂದ 50 ಸೆಂ.ಮೀ. ಒಳಗೆ ಬರುತ್ತದೆ. ಮಲಗುವ ಮ್ಯಾಟುಗಳ ಅಗಲ 50ರಿಂದ 60 ಸೆಂ.ಮೀ. ಅಂದರೆ ಸುತ್ತಿ ನಿಲ್ಲಿಸಿದ ಮ್ಯಾಟು ಬೆನ್ನಿನುದ್ದಕ್ಕೆ ಸರಿಯಾಗಿ ಸಾಲುತ್ತದೆ. ಚೀಲ ಅದಕ್ಕಿಂತ ಎತ್ತರವಿದ್ದು ಮ್ಯಾಟಿನ ಮೇಲಂಚು ಭುಜದ ಪಟ್ಟಿಯ ಹೊಲಿಗೆಗಿಂತ ಕೆಳಗೇ ನಿಂತರೆ, ಚೀಲ ಅಲ್ಲಿಯೇ ಮುರಿದು ಹಿಂದಕ್ಕೆ ವಾಲುತ್ತದೆ. ಮ್ಯಾಟು ಪಟ್ಟಿಯ ಹೊಲಿಗೆಯನ್ನು ದಾಟಿ ಮೇಲಕ್ಕೆ ಬಂದಿದೆಯೇ ಎಂದು ಒಳಗೆ ಕೈಹಾಕಿ ನೋಡಿಕೊಳ್ಳಿ. ಚೀಲ ಚಿಕ್ಕದಿದ್ದರೆ ಮ್ಯಾಟಿನ ಅಗಲವನ್ನು ಅದರ ಎತ್ತರಕ್ಕೆ, ಉದ್ದವನ್ನು ಒಳಗೆ ಹಿಡಿಸುವಷ್ಟಕ್ಕೆ ಕತ್ತರಿಸಿ. ಕತ್ತರಿ ಹಾಕಲು ಮನಸ್ಸು ಹಿಂಜರಿಯುತ್ತದೆ, ಗೊತ್ತು. ಆದರೆ ಮಲಗುವಾಗ ಫೋಮು ಬೇಕಾಗಿರುವುದು ಭುಜದಿಂದ ತೊಡೆಯವರೆಗೆ, ಸುಮಾರು ಒಂದು ಮೀಟರ್. ಕಾಲಿನ ಕೆಳಗೆ ಖಾಲಿ ಬ್ಯಾಗನ್ನೇ ಹಾಸಿಕೊಂಡರಾಯಿತು.

ಇನ್ನೊಂದು ವಿಧಾನದಲ್ಲಿ ಕೊಳವೆ ಇಲ್ಲ. ಮ್ಯಾಟನ್ನು ಬೆನ್ನಿನ ಅಗಲಕ್ಕೆ ಮೂರು ನಾಲ್ಕು ಮಡಿಕೆ ಮಾಡಿ, ಹಲಗೆಯಂತೆ ಬೆನ್ನಿನ ಕಡೆಗೆ ನಿಲ್ಲಿಸುವುದು. ಇಲ್ಲಿ ಕೆಲಸ ಮಾಡುವುದು ದಪ್ಪ. ಎಂಜಿನಿಯರಿಂಗ್ ಓದಿದವರಿಗೆ ತಿಳಿದ ಮಾತು: ಹಲಗೆಯ ದಪ್ಪ ಎರಡರಷ್ಟಾದರೆ ಅದರ ಬಿಗಿತ ಎಂಟರಷ್ಟಾಗುತ್ತದೆ. ಒಂದು ಸೆಂ.ಮೀ.ಯ ನಾಲ್ಕು ಪದರಗಳು ಅಂಟಿನಿಂದ ಒಂದಾಗಿದ್ದರೆ ಒಂಟಿ ಪದರದ 64 ಪಟ್ಟು ಬಿಗಿತ. ಅವು ಒಂದರ ಮೇಲೊಂದು ಜಾರುವಂತಿದ್ದರೆ ಬರೀ ನಾಲ್ಕು ಪಟ್ಟು. ನಮ್ಮ ಮಡಿಕೆಗೆ ಅಂಟಿಲ್ಲ, ಆದರೆ ಸಾಮಾನು ಬಿಗಿಯಾಗಿ ಒತ್ತಿದಾಗ ಪದರಗಳ ನಡುವಿನ ಘರ್ಷಣೆ ಜಾರುವುದನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಎಷ್ಟು ಬಿಗಿಯಾಗಿ ತುಂಬುತ್ತೀರೋ ಅಷ್ಟು 64ರ ಕಡೆಗೆ, ಎಷ್ಟು ಸಡಿಲ ಬಿಡುತ್ತೀರೋ ಅಷ್ಟು ನಾಲ್ಕರ ಕಡೆಗೆ. ತುಂಬುವ ಕೈಯಲ್ಲೇ ಚೌಕಟ್ಟಿದೆ ಎಂದು ನಾನು ನಂಬುವುದು ಈ ಕಾರಣಕ್ಕೆ.

ಎರಡರಲ್ಲಿ ಯಾವುದು ಒಳ್ಳೆಯದು? ಭಾರ ಹೆಚ್ಚಿದ್ದು, ಬೆಳಿಗ್ಗೆ ಬ್ಯಾಗು ಕಟ್ಟಿದರೆ ಸಂಜೆಯವರೆಗೆ ಬಿಚ್ಚುವ ಪ್ರಮೇಯವಿಲ್ಲ ಎಂದಾದರೆ ಕೊಳವೆಯೇ ಗಟ್ಟಿ. ಆದರೆ ಮಹದೇಶ್ವರನ ಬೆಟ್ಟದ ನಡಿಗೆ ಹಾಗಲ್ಲ. ಎರಡು ಮೂರು ಗಂಟೆಗೊಮ್ಮೆ ಮರದ ನೆರಳು ಕಂಡಲ್ಲಿ, ಅನ್ನದಾನದ ಪೆಂಡಾಲಿನಲ್ಲಿ, ದೇವಸ್ಥಾನದ ಜಗಲಿಯಲ್ಲಿ ಕಾಲು ಚಾಚುತ್ತಾರೆ. ಕೊಳವೆ ಮಾಡಿದ ಮ್ಯಾಟನ್ನು ಹೊರತೆಗೆಯಲು ಇಡೀ ಚೀಲ ಖಾಲಿ ಮಾಡಬೇಕು. ಅಷ್ಟು ತಾಳ್ಮೆ ಮಧ್ಯಾಹ್ನದ ಬಿಸಿಲಲ್ಲಿ ಯಾರಿಗೂ ಇರುವುದಿಲ್ಲ, ಬರೀ ನೆಲದ ಮೇಲೆ ಮಲಗಿಬಿಡುತ್ತಾರೆ. ಮಡಿಸಿದ ಮ್ಯಾಟಾದರೆ ಬ್ಯಾಗಿನ ಬಾಯಿ ಸಡಿಲಿಸಿ ಎಳೆದರೆ ಬಂತು. ಆದ್ದರಿಂದ ಪಾದಯಾತ್ರೆಗೆ ನಾನು ಹೇಳುವುದು ಮಡಿಕೆಯ ವಿಧಾನವನ್ನೇ.

ಅದಕ್ಕಿಂತಲೂ ಸೊಗಸಾದ ದಾರಿ ಒಂದಿದೆ, ಅದು ನಮ್ಮೂರಿನ ದರ್ಜಿಗಳ ಕೈಯಲ್ಲಿದೆ. ಬ್ಯಾಗಿನ ಬೆನ್ನಿನ ಹೊರಭಾಗದಲ್ಲಿ, ಭುಜದ ಪಟ್ಟಿಗಳ ಒಳಬದಿಗೆ, ಮೇಲೊಂದು ಕೆಳಗೊಂದು ಅಗಲ ಎಲಾಸ್ಟಿಕ್ ಪಟ್ಟಿ ಹೊಲಿಸಿಕೊಂಡರೆ ಮಡಿಸಿದ ಮ್ಯಾಟು ಅದರಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಬ್ಯಾಗು ಬಿಚ್ಚದೆಯೇ ತೆಗೆಯಬಹುದು, ಹಾಸಬಹುದು, ಮತ್ತೆ ತೂರಿಸಬಹುದು. ಕೆಳಗಿನ ಪಟ್ಟಿ ಚೀಲದ ತಳದ ಹೊಲಿಗೆಗೇ ಸೇರಿರಬೇಕು, ಮ್ಯಾಟು ಕೆಳಕ್ಕೆ ಜಾರದಂತೆ ಅಲ್ಲಿ ಒಂದು ಸಣ್ಣ ಜೇಬಿನಂತೆ ಮಾಡಿಸಿಕೊಳ್ಳಬೇಕು. ದಪ್ಪ ಬಟ್ಟೆ ಹೊಲಿಯುವ ಯಂತ್ರವಿರುವ ಯಾವ ಬ್ಯಾಗು ರಿಪೇರಿಯವರೂ ಮಾಡಿಕೊಡುವ ಕೆಲಸ ಇದು. ಅಮೆರಿಕದ ಕಂಪನಿಗಳು ಸಾವಿರಾರು ರೂಪಾಯಿಗೆ ಮಾರುವ ಬ್ಯಾಗಿನ ಒಳಗುಟ್ಟೂ ಇಷ್ಟೇ. ಒಂದೇ ಕೊರತೆ: ಫೋಮು ಬೆನ್ನಿಗೇ ಅಂಟಿರುವುದರಿಂದ ಬೆವರು ಹೆಚ್ಚು. ಮೊಟ್ಟೆ ಟ್ರೇಯಂತೆ ಗುಳಿಗಳಿರುವ ಮಡಚುವ ಮ್ಯಾಟಾದರೆ ಆ ಗುಳಿಗಳಲ್ಲಿ ಸ್ವಲ್ಪ ಗಾಳಿಯಾಡುತ್ತದೆ.

ಮ್ಯಾಟಿನ ಆಯ್ಕೆಯಲ್ಲೇ ಎಡವುವವರು ಹೆಚ್ಚು. ‘ಫೋಮ್’ ಎಂದು ಮಾರುವುದೆಲ್ಲ ಒಂದೇ ಅಲ್ಲ. ಸೋಫಾದ ಸ್ಪಂಜಿನ ಗುಳ್ಳೆಗಳು ತೆರೆದಿರುತ್ತವೆ, ನೀರು ಕುಡಿಯುತ್ತದೆ, ಒತ್ತಿದರೆ ಚಪ್ಪಟೆ. ನಮಗೆ ಬೇಕಾದದ್ದು ಗುಳ್ಳೆಗಳು ಮುಚ್ಚಿರುವ ಫೋಮು. ಅದು ನೀರು ಹೀರುವುದಿಲ್ಲ, ಒಳಗಿನ ಗಾಳಿ ಹೊರಗೆ ಹೋಗದ ಕಾರಣ ಪುಟಿದೇಳುತ್ತದೆ, ನೆಲದ ಶೀತ ಮೈಗೆ ಏರುವುದನ್ನೂ ತಡೆಯುತ್ತದೆ. ಅದರಲ್ಲೂ ಟಿವಿ ಪೆಟ್ಟಿಗೆಯೊಳಗೆ ಬರುವ ಬಿಳಿ ಪ್ಯಾಕಿಂಗ್ ಫೋಮಿಗೆ ಬೆಳ್ಳಿ ಹಾಳೆ ಅಂಟಿಸಿದ ಅಗ್ಗದ ಮ್ಯಾಟುಗಳಿವೆ. ಮೊದಲ ರಾತ್ರಿ ಚೆನ್ನಾಗಿರುತ್ತವೆ, ಆಮೇಲೆ ಗುಳ್ಳೆಗಳು ಒಡೆದು, ಮಡಿಸಿದ ಕಡೆಯೆಲ್ಲ ಬಿಳಿ ಗೆರೆ ಬಿದ್ದು ಅಲ್ಲಲ್ಲೇ ಬಾಗುತ್ತವೆ. ಅವುಗಳನ್ನು ಚೌಕಟ್ಟಾಗಿ ನೆಚ್ಚಲಾಗದು. ಕ್ರಾಸ್‌ಲಿಂಕ್ ಪಾಲಿಎಥಿಲೀನ್ ಅಥವಾ ಇವಿಎ ಫೋಮಿನದ್ದು ಒಳ್ಳೆಯದು. ಒಂದು ಸೆಂ.ಮೀ. ದಪ್ಪದ, ಆಳುದ್ದದ ಮ್ಯಾಟು 300-400 ಗ್ರಾಂ ಒಳಗೆ ಬರುತ್ತದೆ. ಯೋಗದ ಮ್ಯಾಟನ್ನು ಹೊತ್ತು ಬರುವವರನ್ನೂ ನೋಡುತ್ತೇವೆ. ಅದು ಜಾರದಿರಲೆಂದು ಮಾಡಿದ ರಬ್ಬರಿನಂಥ ವಸ್ತು, ಒಂದು ಕೆ.ಜಿ. ಅಥವಾ ಅದಕ್ಕೂ ಹೆಚ್ಚು ತೂಗುವುದುಂಟು, ನಿಲ್ಲಿಸಿದರೆ ನಿಲ್ಲುವುದಿಲ್ಲ. ಅಂಗಡಿಯಲ್ಲೇ ಪರೀಕ್ಷಿಸಬಹುದು: ಮ್ಯಾಟಿನ ಒಂದು ಅಂಚನ್ನು ಎರಡು ಕೈಯಲ್ಲಿ ಹಿಡಿದು ಒಂದು ಗೇಣಿನಷ್ಟು ಮುಂದಕ್ಕೆ ಚಾಚಿ. ಅದು ಚಾಚಿದಂತೆಯೇ ನಿಂತರೆ ತೆಗೆದುಕೊಳ್ಳಿ, ತಲೆಬಾಗಿದರೆ ಬಿಡಿ.

ಗಾಳಿ ತುಂಬುವ ಮ್ಯಾಟುಗಳ ಬಗ್ಗೆ ಒಂದೆರಡು ಮಾತು ಸಾಕು. ಸಿಯಾಟಲಿನಲ್ಲಿ ಬೋಯಿಂಗ್ ಕಂಪನಿಯ ಎಂಜಿನಿಯರುಗಳಾಗಿದ್ದವರು 1970ರ ದಶಕದ ಆರಂಭದಲ್ಲಿ ತಾನಾಗಿ ಗಾಳಿ ತುಂಬಿಕೊಳ್ಳುವ ಥರ್ಮರೆಸ್ಟ್ ಮ್ಯಾಟನ್ನು ರೂಪಿಸಿದರು. ಮಲಗಲು ಅಂಥದ್ದು ಫೋಮಿಗಿಂತ ಹಿತ, ಮಡಿಸಿ ಬೆನ್ನಿಗಿಟ್ಟು ಒಂದೆರಡು ಉಸಿರು ಗಾಳಿ ತುಂಬಿದರೆ ಚೌಕಟ್ಟೂ ಆಗುತ್ತದೆ. ಆದರೆ ಕಾವೇರಿ ದಂಡೆಯ ಕಾಡಿನ ಒಂದು ಮುಳ್ಳು ಸಾಕು, ಹಾಸಿಗೆಯೂ ಹೋಯಿತು, ಬೆನ್ನೆಲುಬೂ ಹೋಯಿತು. ನಮ್ಮ ಸೀಮೆಗೆ ಫೋಮೇ ಸರಿ.

ಈಗ ಸಂಗಮದ ಹೊಳೆಯ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಬೇಸಿಗೆಯ ಹೊತ್ತಿಗೆ ಕಾವೇರಿಯಲ್ಲಿ ನೀರು ಇಳಿದಿದ್ದರೂ ತಳದ ಬಂಡೆಗಳು ಪಾಚಿಗಟ್ಟಿರುತ್ತವೆ, ಸೆಳೆತ ಕಡಿಮೆ ಇರುವುದಿಲ್ಲ. ಬುಡಕ್ಕೆ ಅಡ್ಡಲಾಗಿ ಕಟ್ಟಿದ ಮ್ಯಾಟು ಸೊಂಟಮಟ್ಟದ ನೀರಿನಲ್ಲಿ ಹರಿವಿಗೆ ಎದುರಾಗಿ ನಿಂತು ಹೊತ್ತವರನ್ನೇ ತಿರುಗಿಸುತ್ತದೆ. ಬ್ಯಾಗಿನ ಒಳಗೋ ಬೆನ್ನಿಗೆ ಒತ್ತಿಯೋ ಇದ್ದರೆ ಆ ತೊಂದರೆ ಇಲ್ಲ. ಫೋಮು ನೀರು ಹೀರುವುದಿಲ್ಲವಾದ್ದರಿಂದ ಆಚೆ ದಡದಲ್ಲಿ ಒಮ್ಮೆ ಕೊಡವಿದರೆ ರಾತ್ರಿಗೆ ಹಾಸಿಗೆ ಸಿದ್ಧ. ಪಾಲಿಥೀನ್ ಕವರಿನೊಳಗಿನ ಬಟ್ಟೆಯೂ ಒಣಗಿರುತ್ತದೆ. ನೀರಿಗಿಳಿಯುವ ಮೊದಲು ಸೊಂಟದ ಬೆಲ್ಟು, ಎದೆಯ ಪಟ್ಟಿ ಎರಡನ್ನೂ ಬಿಚ್ಚಿ. ಕಾಲು ಜಾರಿದರೆ ಬ್ಯಾಗನ್ನು ಕೂಡಲೇ ಬಿಟ್ಟುಬಿಡಲು ಬರಬೇಕು. ಫೋಮು ತೇಲುತ್ತದೆ ಎಂದು ಅದನ್ನು ನಂಬಿ ಆಳಕ್ಕೆ ಹೋಗುವುದು ಪ್ರಾಣದೊಂದಿಗೆ ಆಡುವ ಆಟ. ಸಂಗಮದಿಂದ ಕೆಲವೇ ಕಿಲೋಮೀಟರ್ ಕೆಳಗೆ ಮೇಕೆದಾಟಿನಲ್ಲಿ ಅದೇ ಹೊಳೆ ಬಂಡೆಗಳ ಸಂದಿಗೆ ನುಗ್ಗುತ್ತದೆ. ಹಗ್ಗ ಕಟ್ಟಿದ ಜಾಗ ಬಿಟ್ಟು ಬೇರೆಡೆ ಇಳಿಯಬೇಡಿ.

ಪಾದಯಾತ್ರೆಗೆ ಹೋಗದವರಿಗೂ ಈ ಉಪಾಯ ಉಪಯೋಗಕ್ಕೆ ಬರುತ್ತದೆ. ಮಾಗಡಿಯ 1226 ಮೀಟರ್ ಎತ್ತರದ ಸಾವನದುರ್ಗ, ರಣಹದ್ದುಗಳ ಧಾಮವಾಗಿರುವ ರಾಮದೇವರ ಬೆಟ್ಟ, ಕನಕಪುರದ ಕಬ್ಬಾಳದುರ್ಗ, ಬಿಳಿಕಲ್ ರಂಗಸ್ವಾಮಿ ಬೆಟ್ಟ, ಇವೆಲ್ಲ ಬೆಳಿಗ್ಗೆ ಹತ್ತಿ ಸಂಜೆಗೆ ಇಳಿಯುವ ಬೆಟ್ಟಗಳು. ಚಿರತೆ, ಕರಡಿ, ಕನಕಪುರದ ಕಡೆ ಆನೆ ಇರುವ ಕಾಡು ಇದು. ಅರಣ್ಯದೊಳಗೆ ಅನುಮತಿ ಇಲ್ಲದೆ ರಾತ್ರಿ ಡೇರೆ ಹಾಕುವುದು ಅಪರಾಧ, ಅಪಾಯವೂ ಹೌದು. ಹಾಗಾಗಿ ಇಲ್ಲಿಗೆ ಆಳುದ್ದದ ಮ್ಯಾಟು ಬೇಡ. ಕತ್ತರಿಸಿ ಉಳಿದ ಮ್ಯಾಟಿನ ತುಂಡಿನಲ್ಲಿ ಬೆನ್ನಿನ ಅಳತೆಯ ಎರಡು ಹಲಗೆ ಮಾಡಿ, ಜೋಡಿಸಿ ದಿನದ ಬ್ಯಾಗಿನ ಬೆನ್ನಿನ ಕಡೆ ಇಟ್ಟುಕೊಳ್ಳಿ. ಸಾವನದುರ್ಗದ ನುಣುಪು ಬಂಡೆಯ ಮೇಲೆ ಕೈ ಊರಿ ಹತ್ತುವಾಗ ಬ್ಯಾಗು ಅತ್ತಿತ್ತ ವಾಲಿದರೆ ಆಯ ತಪ್ಪುತ್ತದೆ. ಬೆನ್ನಿಗೆ ಅಂಟಿ ನಿಂತ ಬ್ಯಾಗು ಅಲ್ಲಿ ಬರೀ ಆರಾಮದ ವಿಷಯವಲ್ಲ. ತುದಿ ಮುಟ್ಟಿದ ಮೇಲೆ ಕಾದ ಬಂಡೆಯ ಮೇಲೆ ಅದನ್ನೇ ಹಾಸಿ ಕೂತುಕೊಳ್ಳಬಹುದು.

ಫೋಮಿನಿಂದ ಆಗದ ಕೆಲಸವನ್ನೂ ಹೇಳಿಬಿಡಬೇಕು. ಎಂಟು ಕೆ.ಜಿ.ವರೆಗೆ ಈ ವ್ಯವಸ್ಥೆ ಚೆನ್ನಾಗಿ ನಿಲ್ಲುತ್ತದೆ, ಹತ್ತರ ಹತ್ತಿರ ಏದುಸಿರು ಬಿಡುತ್ತದೆ, ಅದಕ್ಕೂ ಮೇಲೆ ಹೋದರೆ ಕಡ್ಡಿ ಇರುವ ಬ್ಯಾಗೇ ಬೇಕು. ಹಿಮಾಲಯದ ಚಾರಣಕ್ಕೆ ಹದಿನೈದು ಕೆ.ಜಿ. ಹೊರುವವರಿಗೆ ಈ ಲೇಖನ ಅಲ್ಲ. ಇನ್ನು ಸೊಂಟದ ಬೆಲ್ಟೇ ಇಲ್ಲದ ಬ್ಯಾಗಿನಲ್ಲಿ ಮ್ಯಾಟು ಎಷ್ಟೇ ಗಟ್ಟಿಯಾಗಿ ನಿಂತರೂ ಭಾರ ಇಳಿಯಲು ಜಾಗವಿಲ್ಲ. ಭುಜವೇ ಹೊರಬೇಕು. ಚೀಲ ಬೆನ್ನಿಗೆ ಹತ್ತಿರ ನಿಲ್ಲುವುದು, ಸಾಮಾನು ಚುಚ್ಚದಿರುವುದು, ಇಷ್ಟೇ ಅಲ್ಲಿನ ಲಾಭ. ಎರಡು ಇಂಚು ಅಗಲದ ನೈಲಾನ್ ಪಟ್ಟಿ, ಒಂದು ಬಕಲ್ಲು ತಂದು ಬ್ಯಾಗಿನ ಬುಡಕ್ಕೆ ಹೊಲಿಸಿಕೊಂಡರೆ ಆ ಕೊರತೆಯೂ ಅರ್ಧ ನೀಗುತ್ತದೆ. ಆ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು.

ಪ್ರತಿ ಗುಂಪಿನಲ್ಲೂ ಹತ್ತಾರು ವರ್ಷ ನಡೆದ ಹಿರಿಯರೊಬ್ಬರು ಇರುತ್ತಾರೆ. ಚಪ್ಪಲಿ ಯಾವುದು, ಯಾವ ಊರಲ್ಲಿ ತಂಗಬೇಕು, ಕಾಲಿನ ಬೊಬ್ಬೆಗೆ ಏನು ಹಚ್ಚಬೇಕು ಎಂದು ಹೊಸಬರಿಗೆ ಹೇಳಿಕೊಡುವವರು ಅವರೇ. ಅಂಥವರಲ್ಲಿ ನನ್ನ ಕೋರಿಕೆ: ಹೊರಡುವ ಒಂದು ವಾರ ಮೊದಲು ನಿಮ್ಮ ಗುಂಪಿನ ಹುಡುಗರನ್ನು ದೇವಸ್ಥಾನದ ಮುಂದೆ ಕೂರಿಸಿ, ಎಲ್ಲರ ಬ್ಯಾಗನ್ನೂ ಬಿಚ್ಚಿಸಿ, ಮ್ಯಾಟು ಬೆನ್ನಿಗೆ ಬರುವಂತೆ ಮತ್ತೆ ತುಂಬಿಸಿ. ತುಂಬಿದ ಬ್ಯಾಗು ಹೊತ್ತು ಒಂದು ಗಂಟೆ ನಡೆಸಿ. ಭುಜ ಎಳೆಯುತ್ತಿದೆ ಎಂದವರ ಬ್ಯಾಗನ್ನು ಇನ್ನೊಮ್ಮೆ ಬಿಚ್ಚಿಸಿ. ಆ ವರ್ಷ ಕಾಡುದಾರಿಯಲ್ಲಿ ನಡೆಯಲು ಅರಣ್ಯ ಇಲಾಖೆ ಯಾವ ಹೊತ್ತಿಗೆ, ಎಲ್ಲಿಯವರೆಗೆ ಬಿಡುತ್ತದೆ ಎಂಬುದನ್ನೂ ಅವತ್ತೇ ವಿಚಾರಿಸಿಕೊಳ್ಳಿ. ಮತ್ತೊಂದು ಮಾತನ್ನು ಅವರ ಕಿವಿಗೆ ಹಾಕಿ: ಹರಿದ ಫೋಮು ಮಣ್ಣಿಗೆ ಸೇರುವುದಿಲ್ಲ, ಪುಡಿಯಾಗಿ ಹೊಳೆಗೆ ಹೋಗುತ್ತದೆ. ಹೊತ್ತು ತಂದ ಮ್ಯಾಟು, ಅದು ಎಷ್ಟೇ ಹಾಳಾಗಿರಲಿ, ಕಾವೇರಿ ದಂಡೆಯಲ್ಲಿ ಉಳಿಯದೆ ಮನೆಗೆ ವಾಪಸು ಬರಬೇಕು.